ಸಾಲಗಾಮೆ ರಸ್ತೆಯ ಬುಟ್ಟಿಗಳು, ನಮ್ಮನೆ ಟಿವಿ

ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಎಂಸಿಎಫ್‌ನ ದೊಡ್ಡ ದೊಡ್ಡ ಆಂಟೆನಾ ಬುಟ್ಟಿಗಳನ್ನು ತೋರಿಸಿ "ನೋಡಿ, ಇಡೀ ದೇಶದ ಟಿವಿ ಇಲ್ಲಿಂದಲೇ ಹೋಗೋದು" ಎಂದು ಹೊರಗಿನಿಂದ ಬಂದ ನೆಂಟರಿಗೆ ಹೇಳುವುದು ಹಾಸನದವರಿಗೆಲ್ಲ ಅಭ್ಯಾಸ. ಪೂರ್ತಿ ನಿಜ ಅಲ್ಲ. ಇಸ್ರೋದ ಈ ಮುಖ್ಯ ನಿಯಂತ್ರಣ ಕೇಂದ್ರ ಇಲ್ಲಿ ಶುರುವಾಗಿದ್ದು 1982ರಲ್ಲಿ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತ ಹಾಗೆ ಕಾಣುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಜಾಗ ಬಿಟ್ಟು ಜರುಗದಂತೆ, ಮುಖ ತಿರುಗಿಸದಂತೆ ನೋಡಿಕೊಳ್ಳುವುದು ಅಲ್ಲಿಯವರ ಕೆಲಸ. ಸೀರಿಯಲ್ಲು, ಸುದ್ದಿ, ಕ್ರಿಕೆಟ್ಟನ್ನು ಆಯಾ ಚಾನೆಲ್ಲಿನವರೇ ತಮ್ಮ ತಮ್ಮ ಕಡೆಯಿಂದ ಮೇಲಕ್ಕೆ ಕಳಿಸುತ್ತಾರೆ.

ಆದರೂ ನಮ್ಮೂರಿನ ಜಂಬದಲ್ಲಿ ಒಂದು ಪಾಲು ಸತ್ಯ ಇದೆ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಒಂದರ ಮೇಲೊಂದು ತೊಂದರೆ ಕೊಟ್ಟು ಸೆಪ್ಟೆಂಬರ್ ಹೊತ್ತಿಗೆ ಕೈಬಿಟ್ಟಿತು. ಮಾರನೇ ವರ್ಷದ ಆಗಸ್ಟ್ ಕೊನೆಗೆ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ, ಶುರುವಿಗೆ ಸೌರಫಲಕ ಬಿಚ್ಚಿಕೊಳ್ಳದೆ ಸತಾಯಿಸಿದರೂ, ಆಮೇಲೆ ಚೆನ್ನಾಗಿ ದುಡಿಯಿತು. ಅದನ್ನು ನೆಚ್ಚಿಕೊಂಡೇ ದೂರದರ್ಶನ 1984ರಲ್ಲಿ ಊರೂರಿಗೆ ಸಣ್ಣ ಪ್ರಸಾರ ಕೇಂದ್ರಗಳನ್ನು ತೆರೆಯುತ್ತ ಹೋಯಿತು, ಕೆಲವು ತಿಂಗಳು ಹೆಚ್ಚುಕಡಿಮೆ ದಿನಕ್ಕೊಂದರಂತೆ. ಅಂದರೆ ಟಿವಿಯನ್ನು ಆಕಾಶದಲ್ಲಿ ಹಿಡಿದು ನಿಲ್ಲಿಸಿದವರಲ್ಲಿ ನಮ್ಮೂರಿನವರೂ ಇದ್ದರು. ಆ ಟಿವಿ ತಿರುಗಿ ನಮ್ಮೂರನ್ನು ಏನು ಮಾಡಿತು ಎನ್ನುವುದು ಹೋದ ಮುಂಗಾರಿನಿಂದೀಚೆ ನನ್ನ ತಲೆ ತಿನ್ನುತ್ತಿರುವ ವಿಷಯ.

ಊರಿಗೊಂದೇ ಟಿವಿ, ಭಾನುವಾರ ಬೆಳಗಿನ ರಾಮಾಯಣ, ಜಗಲಿ ತುಂಬ ಚಪ್ಪಲಿ, ಬಿದಿರು ಗಳಕ್ಕೆ ಕಟ್ಟಿದ ಆಂಟೆನಾ ತಿರುಗಿಸಲು ಹೆಂಚು ಹತ್ತಿದ ಹುಡುಗ: ಈ ಕತೆಯನ್ನು ನನ್ನ ವಯಸ್ಸಿನವರೆಲ್ಲ ಬರೆದು ಮುಗಿಸಿದ್ದಾರೆ. ನಾನು ಮತ್ತೆ ಬರೆಯುವುದಿಲ್ಲ. ಅದು ಅಷ್ಟೇನೂ ಸುಂದರವಾಗಿಯೂ ಇರಲಿಲ್ಲ. ಯಾರ ಮನೆಯಲ್ಲಿ ಟಿವಿ ಇತ್ತೋ ಅವರ ಮನೆ ಪಡಸಾಲೆಗೆ ಯಾರು ಬರಬಹುದು, ಯಾರು ಹೊಸಿಲಾಚೆಯೇ ನಿಂತು ನೋಡಬೇಕು ಎನ್ನುವುದೆಲ್ಲ ಇದ್ದದ್ದೇ.

ಮನೆಯೊಳಗಿನ ಹೊತ್ತುಗೊತ್ತು ಬದಲಾಗಿದ್ದು ಆಮೇಲೆ. 1994ರ ಜೂನ್‌ನಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ, 2006ರಲ್ಲಿ ಜೀ ಕನ್ನಡ. ವಾರಕ್ಕೊಮ್ಮೆ ಬರುತ್ತಿದ್ದ ಕತೆ ದಿನಾ ಬರತೊಡಗಿದ ಮೇಲೆ ಸಂಜೆಗೆ ಒಂದು ಟೈಂಟೇಬಲ್ ಹತ್ತಿಕೊಂಡಿತು. ನಮ್ಮ ಅವ್ವ ಊರಲ್ಲಿದ್ದಾಗ ಸಂಜೆ ಹಾಲು ಕರೆದು, ಡೈರಿಗೆ ಹಾಕಿಸಿ, ದೀಪ ಹಚ್ಚಿ ಕೂತರೆ ಸರಿಯಾಗಿ ಮೊದಲನೇ ಸೀರಿಯಲ್ಲಿನ ಹಾಡು ಶುರುವಾಗುತ್ತಿತ್ತು. ಈಗ ಹಸು ಇಲ್ಲ, ಡೈರಿ ಇಲ್ಲ, ಹಾಸನದಲ್ಲಿ ನಮ್ಮ ಜೊತೆ ಇದ್ದಾಳೆ. ಟೈಂಟೇಬಲ್ ಮಾತ್ರ ಅದೇ. ಆರೂವರೆಗೆ ಫೋನ್ ಮಾಡಿದವರು ಅವ್ವನ ಪಾಲಿಗೆ ತಿಳಿವಳಿಕೆ ಇಲ್ಲದ ಜನ.

ಆದರೆ ಅವ್ವ ಟಿವಿ ನೋಡುವುದನ್ನು ಹತ್ತಿರ ಕೂತು ನೋಡಬೇಕು. ಅವರೆಕಾಯಿ ಕಾಲದಲ್ಲಿ ನೆನೆಹಾಕಿದ ಕಾಳಿನ ಪಾತ್ರೆ ಬಲಕ್ಕೆ, ಖಾಲಿ ಬೇಸಿನ್ನು ಎದುರಿಗೆ, ಸಿಪ್ಪೆಗೆ ಹಳೇ ಪೇಪರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿತುಕಿದರೆ ಬೇಳೆ ಟಣ್ ಎಂದು ಬೇಸಿನ್ನಿಗೆ ಬೀಳುತ್ತದೆ. ಅರ್ಧ ಗಂಟೆಯ ಸೀರಿಯಲ್ಲಿಗೆ ಅವ್ವ ಕಣ್ಣೆತ್ತುವುದು ಬೆರಳೆಣಿಕೆಯಷ್ಟು ಸಲ. ಉಳಿದಂತೆ ಕಣ್ಣು ಕಾಳಿನ ಮೇಲೆ, ಕಿವಿ ಟಿವಿಯ ಮೇಲೆ. ಹಿನ್ನೆಲೆಯಲ್ಲಿ ಢಮ್ ಎಂದಾಗ ಮಾತ್ರ ತಲೆ ಎತ್ತುತ್ತಾಳೆ. ಯಾರೋ ಬಾಗಿಲಲ್ಲಿ ನಿಂತಿರುತ್ತಾರೆ, ಅವರ ಮುಖ ಮೂರು ಕಡೆಯಿಂದ ಮೂರು ಸಲ ಬರುತ್ತದೆ. "ಬಂದ್ಲು ನೋಡು ಮನೆಹಾಳಿ" ಎಂದು ಮತ್ತೆ ಕಾಳಿಗೆ ಕೈ ಹಾಕುತ್ತಾಳೆ.

ಇದನ್ನು ನೋಡಿದ ಮೇಲೆ ಸೀರಿಯಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆಯಾಗಿದೆ. ಒಂದೇ ಮಾತನ್ನು ಮೂರು ಜನರ ಬಾಯಲ್ಲಿ ಹೇಳಿಸುತ್ತಾರೆ, ನಿನ್ನೆಯದನ್ನೇ ಇವತ್ತೂ ತೋರಿಸುತ್ತಾರೆ, ಮನಸ್ಸಿನೊಳಗಿನದನ್ನೂ ಜೋರಾಗಿ ಆಡಿಸುತ್ತಾರೆ ಎಂದು ಗಂಡಸರು ನಗುತ್ತಾರಲ್ಲ, ಅದೆಲ್ಲ ಬರೆಯುವವರಿಗೆ ಬುದ್ಧಿ ಇಲ್ಲದೆ ಆಗಿದ್ದಲ್ಲ. ನೋಡುವವಳು ಒಲೆ ಮುಂದೆ ಇದ್ದಾಳೆ, ಮುದ್ದೆ ತಿರುವುತ್ತಿದ್ದಾಳೆ, ಮಧ್ಯೆ ಮೊಮ್ಮಗು ಅತ್ತರೆ ಎದ್ದು ಹೋಗುತ್ತಾಳೆ ಎಂಬುದು ಬರೆಯುವವನಿಗೆ ಚೆನ್ನಾಗಿ ಗೊತ್ತು. ಅಡುಗೆಮನೆಯಿಂದ ಕೇಳಿಸಿಕೊಂಡರೂ ಕತೆ ತಪ್ಪಬಾರದು. ಹಾಗಾಗಿ ಅದು ಚಿತ್ರ ಅಂಟಿಸಿದ ರೇಡಿಯೊ ನಾಟಕ. ಅದರ ನೀತಿ ನನಗೆ ಹಿಡಿಸುವುದಿಲ್ಲ. ಒಳ್ಳೆಯ ಸೊಸೆ ಎಂದರೆ ಬೈಸಿಕೊಂಡು ಸುಮ್ಮನಿರುವವಳು ಎಂಬುದನ್ನು ಇಷ್ಟು ವರ್ಷ ದಿನಾ ಸಂಜೆ ಹೇಳಿದರೆ ಯಾವ ಮನೆಗೂ ಒಳ್ಳೆಯದಲ್ಲ. ಕೆಲಸಗಾರಿಕೆ ಮಾತ್ರ ದಡ್ಡರದ್ದಲ್ಲ.

ಇನ್ನು ಮಳೆಗಾಲದಲ್ಲಿ ಸಿಗ್ನಲ್ ಹೋದರೆ ಮನೆಯವರೆಲ್ಲ ಕೂತು ಮಾತಾಡುತ್ತಾರೆ ಎಂದು ಕೆಲವರು ಬರೆಯುತ್ತಾರೆ. ಡಿಟಿಎಚ್‌ನವರು ಬಳಸುವ ಕೆಯು ಬ್ಯಾಂಡಿನ ಅಲೆಗಳನ್ನು ಜೋರು ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ಹಾಗಾಗಿ ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಆಷಾಢದಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತೇ ಬಿಡುತ್ತದೆ. ನಾನು ಕಂಡಂತೆ ಆಗ ಯಾರೂ ಮಾತಾಡುವುದಿಲ್ಲ. ಎಲ್ಲರೂ ಫೋನ್ ತೆಗೆಯುತ್ತಾರೆ. 2016ರಲ್ಲಿ ಜಿಯೋ ಬಂದಾಗಿನಿಂದ ಹೀಗೆಯೇ.

ಸೀರಿಯಲ್ ನೋಡಿ ನಗುವ ಗಂಡಸರ ವಿಷಯಕ್ಕೆ ಬರುತ್ತೇನೆ. ರಾತ್ರಿ ಒಂಬತ್ತಾದರೆ ರಿಮೋಟ್ ಅವರ ಕೈಗೆ. ನ್ಯೂಸ್ ನೋಡಬೇಕು. ನ್ಯೂಸ್ ಎಂದರೆ ಗಂಭೀರ ವಿಷಯ, ಲೋಕಜ್ಞಾನ. ಒಂದು ರಾತ್ರಿ ಅವ್ವನ ಹಾಗೆ ಕಣ್ಣು ಬೇರೆ ಕಡೆ ಇಟ್ಟು ಬರೀ ಕೇಳಿ ನೋಡಿ. ಅದೇ ಢಮ್. ಅದೇ ಮೂರು ಸಲ ತಿರುಗಿ ಬರುವ ದೃಶ್ಯ. ನಿನ್ನೆಯದೇ ಇವತ್ತು. ಮನೆಯೊಂದರ ಗೇಟು, ಆ ಗೇಟಿಗೆ ಒಂದು ಕೆಂಪು ಸುತ್ತು, ಗೇಟಿನತ್ತ ಒಂದು ಬಾಣ. "ಇದರ ಹಿಂದಿರೋ ಅಸಲಿ ಕಹಾನಿ ಏನು? ಒಂದು ಬ್ರೇಕ್ ನಂತರ." ಇದೆಲ್ಲ ಟಿಆರ್‌ಪಿಗಾಗಿ ಎನ್ನುತ್ತೇವೆ. ದೇಶದ 20 ಕೋಟಿಗೂ ಹೆಚ್ಚು ಟಿವಿ ಮನೆಗಳಲ್ಲಿ 60 ಸಾವಿರಕ್ಕೂ ಕಡಿಮೆ ಮನೆಗಳಿಗೆ ಬಾರ್ಕ್ ಸಂಸ್ಥೆಯವರು ಮೀಟರ್ ಇಟ್ಟಿದ್ದಾರೆ. ಅಲ್ಲಿ ಯಾವ ಚಾನೆಲ್ ಓಡಿತು ಎಂಬ ಲೆಕ್ಕ ಗುರುವಾರ ಹೊರಬರುತ್ತದೆ, ಜಾಹೀರಾತಿನ ದರ ಅದನ್ನು ಹಿಡಿದು ನಿಲ್ಲುತ್ತದೆ. ಸರಿ. ಆದರೆ 2020ರ ಅಕ್ಟೋಬರ್‌ನಲ್ಲಿ ರೇಟಿಂಗ್ ತಿರುಚಿದ ಆರೋಪ ಎದ್ದು ಸುದ್ದಿ ಚಾನೆಲ್‌ಗಳ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದ್ದರು, ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಅಷ್ಟೂ ಕಾಲ ಕೂಗಾಟ ಒಂದು ಸ್ಥಾಯಿ ಇಳಿದಿದ್ದನ್ನು ಯಾರಾದರೂ ಕಂಡಿರಾ? ಅಂಕಿ ಇಲ್ಲದೆಯೂ ಅದು ಹಾಗೆಯೇ ನಡೆಯಿತು. ಅವರಿಗೆ ಕೂಗಿ ಅಭ್ಯಾಸ, ನಮಗೆ ಕೇಳಿ ಅಭ್ಯಾಸ.

ಈ ಕೂಗು ಬೇರೆ ಊರಿನದಾಗಿದ್ದಷ್ಟು ದಿನ ನಮಗೆ ಬಿಸಿ ತಟ್ಟಿರಲಿಲ್ಲ. 2025ರ ಜೂನ್‌ನಲ್ಲಿ ಅದು ಹಾಸನಕ್ಕೆ ಬಂತು.

ಮೇ ಕೊನೆಯಿಂದ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಒಂದೊಂದಾಗಿ ಬರುತ್ತಿತ್ತು. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಬಾಳಿ ಬದುಕಬೇಕಾದ ಮಕ್ಕಳು ಹೋದ ಮನೆಗಳ ಸಂಕಟವನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಜೂನ್ ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಒಂದು ಲೆಕ್ಕ ಕೂತಿತು. ಕೊರೊನಾ ಕಾಲದಲ್ಲಿ ಕೂರುತ್ತಿತ್ತಲ್ಲ, ಅದೇ ನಮೂನೆ. ಇವತ್ತಿಗೆ ಇಷ್ಟು. ಹಾಸನದಲ್ಲಿ ಮತ್ತೊಂದು ಬಲಿ. ಲೆಕ್ಕ ಒಂದು ಸಲ ಶುರುವಾದರೆ ಅದಕ್ಕೆ ಏರುವುದೊಂದೇ ಗೊತ್ತು, ಇಳಿಯುವ ದಾರಿ ಇಲ್ಲ. ಹೆಚ್ಚುವರಿ ಒಂದು ಸಾವನ್ನು ಸೇರಿಸಲು ಒಬ್ಬ ವರದಿಗಾರ ಯಾವ ಹಳ್ಳಿಗಾದರೂ ಹೋಗುತ್ತಾನೆ. ಅದು ಹೃದಯಾಘಾತ ಹೌದೋ ಅಲ್ಲವೋ ಎಂದು ಇಸಿಜಿ, ಮರಣೋತ್ತರ ಪರೀಕ್ಷೆ ನೋಡಿಕೊಂಡು ಬರೆಯುವಷ್ಟು ಪುರಸೊತ್ತು ಅವನಿಗೆ ಎಲ್ಲಿಂದ ಬರಬೇಕು?

ಬೆಂಗಳೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, "ಏನ್ರೋ, ನಿಮ್ಮೂರ್ ನೀರಲ್ಲಿ ಏನಾರ ಐತಾ? ಸ್ವಲ್ಪ ದಿನ ಅವ್ವನ್ನ ಕರ್ಕೊಂಡು ಇಲ್ಲಿಗೆ ಬಂದ್ಬಿಡಿ" ಎಂದರು. ಹಾಸನ ಬಿಟ್ಟರೆ ಹೃದಯ ಸರಿಹೋಗುತ್ತದೆ ಎಂಬಂತೆ! ನಮ್ಮ ಬೀದಿಯಲ್ಲಿ ದಿನಾ ಜಿಮ್ಮಿಗೆ ಹೋಗುತ್ತಿದ್ದ ಹುಡುಗ ಹೋಗುವುದು ಬಿಟ್ಟ. ಎದುರು ಮನೆಯವರು ರಾತ್ರಿ ಎದೆ ಹಿಡಿದುಕೊಂಡಂತಾಯಿತು ಎಂದು ಬೆಳಕು ಹರಿಯುವ ಮೊದಲೇ ಕಾರು ಮಾಡಿಕೊಂಡು ಮೈಸೂರಿನ ಜಯದೇವಕ್ಕೆ ಹೋದರು. ಅಲ್ಲಿ ಹೋದರೆ ಇವರ ಹಾಗೆಯೇ ಬಂದವರ ಸಾಲು. ಆಸ್ಪತ್ರೆಯವರೇ ಗಾಬರಿ ಬೀಳಬೇಡಿ, ಎಲ್ಲರೂ ಇಲ್ಲಿಗೇ ಬರಬೇಡಿ ಎಂದು ಮನವಿ ಮಾಡಬೇಕಾಯಿತು. ಆ ಸಾಲನ್ನೂ ಟಿವಿಯವರು ತೋರಿಸಿದರು. ಸಾಲು ನೋಡಿ ಮತ್ತಷ್ಟು ಜನ ಹೊರಟರು. ಸುದ್ದಿ ಹೆದರಿಕೆ ಹುಟ್ಟಿಸಿತು, ಹೆದರಿಕೆಯೇ ಮಾರನೇ ದಿನದ ಸುದ್ದಿಯಾಯಿತು. 2021ರ ಅಕ್ಟೋಬರ್ ಕೊನೆಗೆ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಬೆಂಗಳೂರಿನ ಜಯದೇವದ ಮುಂದೆ ಹೀಗೇ ಜನ ಸೇರಿದ್ದರು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸುದ್ದಿಯಾದ 24 ಸಾವುಗಳನ್ನು ನೋಡಿದರೆ ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ರಸ್ತೆ ಅಪಘಾತ, ಕರೆಂಟ್ ಶಾಕ್ ಕೂಡ ಆ ಲೆಕ್ಕದಲ್ಲಿ ಸೇರಿಹೋಗಿದ್ದವು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದಿತು ಸಮಿತಿ.

ಇದಕ್ಕೆ ಸಮಿತಿಯೇ ಬೇಕಿತ್ತೇ, ಒಂದು ಕಾಗದ, ಪೆನ್ನು ಇದ್ದರೆ ಅಂದಾಜಾದರೂ ಸಿಗುತ್ತಿತ್ತು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನಕ್ಕೆ ಆರೇಳು ಸಾವು ಎಂದು ಹಿಡಿದರೆ, ಜಿಲ್ಲೆಯಲ್ಲಿ ದಿನಕ್ಕೆ ಮೂವತ್ತರ ಆಸುಪಾಸು ಜನ ತೀರಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಸಾಯುವ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಹೃದಯ, ರಕ್ತನಾಳದ ಕಾಯಿಲೆಯೇ ಕಾರಣ. ಅಂದರೆ ಯಾವ ಸುದ್ದಿಯೂ ಇಲ್ಲದ ಒಂದು ಮಾಮೂಲಿ ದಿನದಲ್ಲೂ ಏಳೆಂಟು ಮನೆಗಳಲ್ಲಿ ಇದೇ ಕಾರಣಕ್ಕೆ ಸೂತಕ. ಬಹುಪಾಲು ವಯಸ್ಸಾದವರು ಎನ್ನುವುದು ನಿಜ, ಟಿವಿಯವರು ಎಣಿಸಿದ್ದು ಹೆಚ್ಚಾಗಿ ದಿಢೀರ್ ಹೋದವರನ್ನು ಎನ್ನುವುದೂ ನಿಜ. ಆದರೆ 'ಮಾಮೂಲಿಯಾಗಿ ಎಷ್ಟು' ಎಂಬುದನ್ನು ಹೇಳದೆ 'ಈಗ ಎಷ್ಟು' ಎಂದು ಕೂಗಿದರೆ ಯಾವ ಊರನ್ನಾದರೂ ಸ್ಮಶಾನ ಮಾಡಿ ತೋರಿಸಬಹುದು. ತುಮಕೂರಿನಲ್ಲಿ ಕೂತು ಎಣಿಸಿದ್ದರೆ ತುಮಕೂರು.

ಒಳ್ಳೆಯದು ಏನೂ ಆಗಲಿಲ್ಲ ಎನ್ನಲಾರೆ. ಎದುರು ಮನೆಯವರಿಗೆ ಹೃದಯದಲ್ಲಿ ಏನೂ ಸಿಗಲಿಲ್ಲ, ಬಿಪಿ ಸಿಕ್ಕಿತು. ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ನಮಗೆ ಗೊತ್ತಾಗಬೇಕಿದ್ದ ವಿಷಯ ಬೇರೆ ಇತ್ತು. ಪುನೀತ್ ಅವರ ಹೆಸರಲ್ಲೇ 'ಹೃದಯ ಜ್ಯೋತಿ' ಎಂಬ ಯೋಜನೆ ಇದೆ. ಎದೆನೋವು ಎಂದು ಹೋದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅದನ್ನು ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ದುಡ್ಡಿಲ್ಲದೆ ಕೊಡುವ ವ್ಯವಸ್ಥೆ ಅದು. ಎದೆನೋವು ಬಂದಾಗ ಮೊದಲ ಗಂಟೆ ಎಷ್ಟು ಮುಖ್ಯ, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆಯೇ ಇಲ್ಲವೇ, ರಾತ್ರಿ ಹೊತ್ತು ಇಸಿಜಿ ತೆಗೆಯಲು ಯಾರಿರುತ್ತಾರೆ: ಇದನ್ನು ಪರದೆಯ ಮೂಲೆಯಲ್ಲಿ ಹಾಕಿದ್ದರೆ ಒಪ್ಪಬಹುದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಆಂಬುಲೆನ್ಸಿನ ಬಾಗಿಲು ತೆಗೆಯುವ ಒಂದೇ ಒಂದು ದೃಶ್ಯ, ದಿನವಿಡೀ.

ಅವ್ವ ಆ ವಾರವೇ ಒಂಬತ್ತರ ನ್ಯೂಸಿಗೆ ಮಂಗಳ ಹಾಡಿದಳು. "ಸೀರಿಯಲ್ನಲ್ಲಿ ಸತ್ತೋರಾದ್ರೂ ಮೂರ್ ತಿಂಗ್ಳಿಗೆ ವಾಪಸ್ ಬತ್ತಾರೆ. ಇದ್ಯಾಕಪ್ಪಾ ಬೇಕು, ಆರ್ಸು."

ಈ ಕೂಗಿಗೂ ಉಪಯೋಗಕ್ಕೆ ಬರುವ ಸುದ್ದಿಗೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಕಂಡದ್ದು ಆನೆ ವಿಷಯದಲ್ಲಿ. ನಮ್ಮ ಭಾವನ ಕಾಫಿ ತೋಟ ಸಕಲೇಶಪುರದ ಯಸಳೂರು ಕಡೆ. ಅಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಮುಖ ಅಲ್ಲ, ವಾಟ್ಸಾಪ್ ಗ್ರೂಪ್. ಆನೆ ಹಿಂದೆ ತಿರುಗುವ ಅರಣ್ಯ ಇಲಾಖೆಯ ಹುಡುಗರು ಎರಡು ಸಾಲು ಹಾಕಿರುತ್ತಾರೆ: ಇಷ್ಟು ಆನೆ, ಇಂಥ ತೋಟದ ಕೆರೆ ಪಕ್ಕ, ಇಂಥ ರಸ್ತೆ ದಾಟುವ ಹಾಗಿವೆ. ಫೋಟೊ ಇಲ್ಲ, ಮ್ಯೂಸಿಕ್ ಇಲ್ಲ. ಆ ಎರಡು ಸಾಲಿನ ಮೇಲೆ ಅವತ್ತಿನ ಕೆಲಸ ನಿಂತಿದೆ. ಕಾಫಿ ಹಣ್ಣು ಕುಯ್ಯಲು ಬಂದವರನ್ನು ಮೇಲಿನ ಪ್ಲಾಟಿಗೆ ಕಳಿಸಬೇಕೋ, ಒಂಬತ್ತರವರೆಗೆ ಲೈನ್‌ಮನೆಯಲ್ಲೇ ಕೂರಿಸಬೇಕೋ, ಮಕ್ಕಳನ್ನು ಸ್ಕೂಲ್ ಬಸ್ಸಿನವರೆಗೆ ಜೀಪಲ್ಲಿ ಬಿಡಬೇಕೋ. ಓದಿ, ಏನು ಮಾಡಬೇಕೋ ಮಾಡಿ, ಫೋನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ಮತ್ತೆ ಮತ್ತೆ ತೆಗೆದು ನೋಡುವಂಥದ್ದು ಅದರಲ್ಲಿ ಏನೂ ಇಲ್ಲ.

2023ರ ಡಿಸೆಂಬರ್ 4ರಂದು ಇದೇ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ವೇಳೆ, ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ ಸತ್ತಾಗ ದೊಡ್ಡ ಕ್ಯಾಮೆರಾಗಳೆಲ್ಲ ಅಲ್ಲಿಗೆ ಬಂದವು. ನಾವೂ ಅತ್ತೆವು, ಅದು ಅಳುವಂಥ ಸಾವೇ. ಆದರೆ ಕ್ಯಾಮೆರಾ ವಾಪಸ್ ಹೋದ ಮಾರನೇ ಬೆಳಿಗ್ಗೆಯೂ ಭಾವನ ತೋಟದ ಸುತ್ತ ಆನೆಗಳಿದ್ದವು, ಕುಯ್ಲು ನಡೆಯಬೇಕಿತ್ತು. ಆನೆ ತುಳಿದು ಕೂಲಿಯವರೊಬ್ಬರು ಸತ್ತರೆ ಆ ಸುದ್ದಿ ಪರದೆಯ ತಳದಲ್ಲಿ ಓಡುವ ಒಂದು ಸಾಲು. ಯಾರ ಸಾವಿಗೆ ಎಷ್ಟು ಹೊತ್ತು ಎಂಬುದನ್ನು ಬೆಂಗಳೂರಿನ ಸ್ಟುಡಿಯೋ ತೀರ್ಮಾನಿಸುತ್ತದೆ, ನಾವು ನಮ್ಮೂರಲ್ಲೇ ಕೂತು ಅಷ್ಟೇ ಹೊತ್ತು ದುಃಖ ಪಡುತ್ತೇವೆ.

ಟಿವಿ ಶುರುವಾದಾಗ ಅದನ್ನು ಆ ವಾಟ್ಸಾಪ್ ಸಾಲುಗಳ ಥರದ ಕೆಲಸಕ್ಕೇ ಇಡಬೇಕೆಂದಿದ್ದರು. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ ತೋರಿಸಿದರು. ಕರ್ನಾಟಕದಲ್ಲಿ ಅದು ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಿಗೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು ಆಮೇಲೆ, 1981ರಲ್ಲಿ. ಆ ಕಾರ್ಯಕ್ರಮಗಳು ಸಪ್ಪೆಯಾಗಿದ್ದಿರಬೇಕು. ಇದ್ದರೂ ಇರಲಿ. ಗೊಬ್ಬರ ಯಾವಾಗ ಹಾಕಬೇಕೆಂದು ಕೇಳಿದವನು ಎದ್ದು ಹೋಗಿ ಗೊಬ್ಬರ ಹಾಕಬಹುದಿತ್ತು.

ಈಗ ನಮ್ಮ ಮನೆಯ ಸಮಾರಂಭವನ್ನೂ ನಾವು ಪರದೆಯಲ್ಲೇ ನೋಡುವಂತಾಗಿದೆ. ಹಾಸನದ ಯಾವ ಕಲ್ಯಾಣ ಮಂಟಪಕ್ಕೆ ಬೇಕಾದರೂ ಹೋಗಿ. ಹಿಂದೆ ಮನೆ ಮುಂದಿನ ಚಪ್ಪರದ ಕೆಳಗೆ, ಹೆಂಗಸರು ನಾಲ್ಕು ಜನ ಸೇರಿ ಹಾಡಿಕೊಂಡು ಮುಗಿಸುತ್ತಿದ್ದ ಅರಿಶಿನದ ಶಾಸ್ತ್ರ ಈಗ 'ಹಲ್ದಿ'. ಸೀರಿಯಲ್ಲಿನ ಮದುವೆಯಂತೆ ಎಲ್ಲರಿಗೂ ಹಳದಿ ಬಟ್ಟೆ, ಒಂದು ಡ್ಯಾನ್ಸು. ಮಾಡಲಿ, ಸಂತೋಷ. ಮುಹೂರ್ತದ ಹೊತ್ತಿಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ವೇದಿಕೆಯ ಮುಂದೆ ಇಬ್ಬರು ವಿಡಿಯೊದವರು, ಮೂವರು ಫೋಟೊದವರು, ಒಂದು ಕ್ರೇನ್ ಕ್ಯಾಮೆರಾ. ಗಂಡು ಹೆಣ್ಣಿನ ಮುಖ ಯಾರಿಗೂ ಕಾಣುವುದಿಲ್ಲ. ಅಕ್ಷತೆ ಕೈಯಲ್ಲಿ ಹಿಡಿದ ಐನೂರು ಜನ ವೇದಿಕೆ ಬಿಟ್ಟು ಪಕ್ಕದ ಎಲ್‌ಇಡಿ ಪರದೆಗೆ ಮುಖ ಮಾಡಿ ನಿಂತಿರುತ್ತಾರೆ. ಗಟ್ಟಿಮೇಳ ಕಿವಿಗೆ ಬಿದ್ದ ಮೇಲೆ ಪರದೆಯಲ್ಲಿ ತಾಳಿ ಬರುವುದು ಒಂದು ಕ್ಷಣ ತಡ. ಯಾವುದಕ್ಕೆ ಅಕ್ಷತೆ ಹಾಕಬೇಕು? ಅರ್ಧ ಜನ ಗಟ್ಟಿಮೇಳಕ್ಕೆ ಹಾಕುತ್ತಾರೆ, ಅರ್ಧ ಜನ ಪರದೆಗೆ.

ಹೋದ ಮಾಘದಲ್ಲಿ ನಮ್ಮ ತಂಗಿ ಮಗಳ ಮದುವೆಯಲ್ಲಿ ಯೂಟ್ಯೂಬ್ ಲೈವ್ ಕೂಡ ಇತ್ತು. ಮಂಡಿನೋವಿನಿಂದ ಬರಲಾಗದ ಚನ್ನರಾಯಪಟ್ಟಣದ ದೊಡ್ಡಪ್ಪನಿಗೆ ಮೊಮ್ಮಕ್ಕಳು ಟಿವಿಗೇ ಹಾಕಿಕೊಟ್ಟಿದ್ದರಂತೆ. ನಾವು ಊಟಕ್ಕೆ ಕೂತಿದ್ದಾಗ ಅವರ ಫೋನ್ ಬಂತು.

"ಏನ್ಲಾ, ತಾಳಿ ಕಟ್ಟೋ ಟೈಮ್‌ಗೆ ಸರಿಯಾಗಿ ಗಿರಗಿರ ಸುತ್ತಕ್ಕೆ ಶುರು ಆಯ್ತು. ಆ ಹುಡುಗಂಗೆ ಹೇಳಿ ಇನ್ನೊಂದ್ಸಲ ಹಾಕ್ಸು."

"ದೊಡ್ಡಪ್ಪ, ಮದ್ವೆ ಮುಗೀತು."

"ಮುಗೀಲಿ ಕಣ್ಲಾ, ರಿಪೀಟ್ ಎಷ್ಟೊತ್ತಿಗೆ ಅಂತ ಕೇಳು."

ವಿಡಿಯೊ ಹುಡುಗನನ್ನು ಕೇಳಿದೆ. ಲೈವ್ ಮುಗಿದ ಮೇಲೆ ಲಿಂಕ್ ಹಾಗೆಯೇ ಇರುತ್ತದೆ, ಯಾವಾಗ ಬೇಕಾದರೂ ನೋಡಬಹುದು ಎಂದ. ಅದನ್ನು ದೊಡ್ಡಪ್ಪನಿಗೆ ಹೇಳಿದರೆ, ಯಾವಾಗ ಬೇಕಾದರೂ ಎಂದರೆ ಹೇಗೆ, ಒಂದು ಟೈಮ್ ಹೇಳು, ಅಕ್ಕಪಕ್ಕದವರನ್ನೂ ಕರೆಯಬೇಕು ಎಂದು ಪಟ್ಟು ಹಿಡಿದರು. ಸಂಜೆ ಐದಕ್ಕೆ ಎಂದೆ. ಸೀರಿಯಲ್ ಶುರುವಾಗುವುದಕ್ಕೆ ಮುಂಚೆ ಮುಗಿಯುತ್ತದಲ್ಲ ಎಂದು ವಿಚಾರಿಸಿಕೊಂಡು ಫೋನ್ ಇಟ್ಟರು.